ಮೂರನೇ ಗುಂಡಿ

ಶಾಲೆ ಸೇರಿ ಐದು ತಿಂಗಳಾದರೂ ಟೈಲರ್ ಮಗಳು ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ, ಅಲ್ಲಿ ಹಾಜರಿಗೂ ಕೈ ಎತ್ತುತ್ತಾಳೆ, ಅಷ್ಟೇ. ಅಪ್ಪನಿಗೆ ಅದೇ ಕೊರಗು. ಸಾಲದ್ದಕ್ಕೆ ಹೊಸ ಟೀಚರ್ ದಿನಾ ಪಾಠಕ್ಕೆ ಮೊದಲು ಫೋಟೋ ತೋರಿಸುತ್ತಾರೆಂದು ಕೇಳಿ ಸಿಟ್ಟು ನೆತ್ತಿಗೇರಿತು.

"ಫೋಟೋ ನೋಡೋಕೆ ಶಾಲೆ ಯಾಕಕ್ಕ? ನನ್ನಂಗಡೀಲಿ ಕ್ಯಾಲೆಂಡರ್ ಇಲ್ವಾ? ನಾಳೇನೇ ಟಿ.ಸಿ. ತಗೊಂಡ್ಬರ್ತೀನಿ."

ಯೂನಿಫಾರ್ಮ್ ಒಯ್ಯಲು ಬಂದಿದ್ದ ಪಕ್ಕದ ಮನೆಯ ನರ್ಸಕ್ಕ ನಕ್ಕರು. "ಟಿ.ಸಿ. ಎಲ್ಲಿಗೂ ಓಡಿಹೋಗಲ್ಲ. ಮೊದಲು ಕಿಟಕಿ ಹತ್ರ ನಿಂತು ನೋಡು. ನನ್ನ ಮಗನೂ ಅದೇ ಕ್ಲಾಸು. ನಿನ್ನೆ ನನ್ನ ಮುಖ ನೋಡಿ, 'ಅಮ್ಮಾ, ಸುಸ್ತಾಗಿದೀಯ. ಹೇಗೆ ಗೊತ್ತಾಯ್ತು ಹೇಳ್ಲಾ?' ಅಂದ. ಮನೇಲೇ ಪುಕ್ಕಟೆ ಡಾಕ್ಟ್ರು!"

ಮರುದಿನ ಟೈಲರ್ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಕಿಟಕಿಗೆ ಬಂದು ನಿಂತ. ಒಳಗೆ ಪರದೆಯ ಮೇಲೆ, ಗೋಡೆಯಗಲಕ್ಕೆ, ಹಗ್ಗಕ್ಕೆ ಒಣಹಾಕಿದ ಒಂದು ಬಿಳಿ ಅಂಗಿ.

"ಏನು ಕಾಣ್ತಿದೆ?" ಟೀಚರ್ ಕೇಳಿದರು.

"ಅಂಗಿ!" ಮಕ್ಕಳು ನಕ್ಕರು.

"ಇನ್ನೇನು ಕಾಣ್ತಿದೆ?"

ಮಕ್ಕಳು ಪರದೆಯತ್ತ ಕತ್ತು ಚಾಚಿದರು. ಟೀಚರ್ ಉತ್ತರ ಹೇಳದೆ ಕಾದರು. 'ಸುಮ್ನೆ ನಿಲ್ಲೋಕೂ ಸಂಬಳ' ಎಂದುಕೊಂಡ ಟೈಲರ್.

"ಮೂರನೇ ಗುಂಡಿಗೆ ಕಪ್ಪು ದಾರ ಹಾಕಿದಾರೆ."

ಕೊನೆಯ ಬೆಂಚಿನಿಂದ ಬಂದ ಸಣ್ಣ ದನಿ. ಅವನ ಮಗಳದ್ದೇ! ಟೈಲರ್ ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದುಕೊಂಡ.

"ಅದನ್ನ ನೋಡಿದ್ರೆ ಏನನ್ಸುತ್ತೆ?"

"ಮನೇಲೇ ಯಾರೋ ಹೊಲಿದಿದಾರೆ. ಟೈಲರ್ ಆದ್ರೆ ಹಾಗೆ ಮಾಡಲ್ಲ."

"ಅವರಮ್ಮ!" "ಅಮ್ಮನೇ ಯಾಕೆ? ಅಂಗಿಯವನಿಗೇನು ಕೈ ಇಲ್ವಾ?" "ಬಿಳಿ ದಾರ ಖಾಲಿಯಾಗಿತ್ತು!"

"ಖಾಲಿ ಅಲ್ಲ, ಅವಸರ!" ಟೈಲರ್ ಹೊರಗಿಂದಲೇ ಕೂಗಿಬಿಟ್ಟ.

ಇಡೀ ತರಗತಿ ತಿರುಗಿ ನೋಡಿತು. ಟೀಚರ್ ಅವನನ್ನೂ ಕೇಳಿದರು: "ಏನು ನೋಡಿ ಹಾಗಂದ್ರಿ?"

"ಅದು... ದಾರದ ತುದಿ ಕತ್ತರಿಸಿಲ್ಲ, ಟೀಚರ್."

ಮಗಳು ಎದ್ದು ನಿಂತು ಪರದೆಯನ್ನು ದಿಟ್ಟಿಸಿದಳು. "ಹೌದು. ಆದ್ರೆ ಬೇರೆ ಗುಂಡಿಗಳದ್ದೂ ಕತ್ತರಿಸಿಲ್ಲ, ಅಪ್ಪಾ! ಎಲ್ಲಾದಕ್ಕೂ ಅವಸರಾನಾ?"

ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಎಲ್ಲರ ಮುಂದೆ ಸೋತ ಟೈಲರ್, ಐದು ತಿಂಗಳ ಉಸಿರನ್ನು ಒಮ್ಮೆಗೇ ಬಿಟ್ಟ.

"ಟಿ.ಸಿ. ಸಿಕ್ತಾ?" ಸಂಜೆ ನರ್ಸಕ್ಕ ಕೇಳಿದರು.

"ಸುಮ್ನಿರಕ್ಕ. ನಾಳೆ ಯಾವ ಫೋಟೋ ಅಂತೆ?"

ಟೀಚರ್‌ಗಳೇ, ನಾಳೆಯ ಪಾಠಕ್ಕೆ ಮೊದಲು ಒಂದು ಚಿತ್ರವನ್ನೋ ಒಂದು ನಿಮಿಷದ ವಿಡಿಯೋವನ್ನೋ ತೋರಿಸಿ. ಏನು ಕಾಣುತ್ತಿದೆ, ಏನು ನೋಡಿ ಹಾಗೆ ಹೇಳಿದೆ ಎಂದು ಕೇಳಿ. ಆಮೇಲೆ ಕಾಯಿರಿ; ಉತ್ತರ ನೀವೇ ಹೇಳಿಬಿಡಬೇಡಿ. ಅಪ್ಪ ಅಮ್ಮಂದಿರೇ, 'ಏನು ಬರೆದೆ?' ಎನ್ನುವ ಮೊದಲು 'ಏನು ನೋಡಿದೆ?' ಎನ್ನಿ. ಕೊನೆಯ ಬೆಂಚಿನ ಮಗುವಿಗೆ ಕಂಡದ್ದು ನಮಗೆ ಯಾರಿಗೂ ಕಂಡಿರಲಿಕ್ಕಿಲ್ಲ.