ಇಲಾರಿಯೊನ ಲೋಟದ ನೀರು

ಸತ್ತವನ ಆತ್ಮ ಒಂಬತ್ತು ದಿನ ಮನೆಯ ಸುತ್ತಲೇ ಸುಳಿದಾಡುತ್ತದೆ, ಅದಕ್ಕೆ ವಿಪರೀತ ಬಾಯಾರಿಕೆ ಎಂಬುದು ಮೊತಾಗುವಾ ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಾಗಿ ಪ್ರಾರ್ಥನೆಯ ಮೇಜಿನ ಮೇಲೆ, ಮೇಣದಬತ್ತಿಗಳ ನಡುವೆ, ಒಂದು ಗಾಜಿನ ಲೋಟದಲ್ಲಿ ನೀರಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ಎರಡು ಬೆರಳು ಇಳಿದಿರುತ್ತದೆ. ‘ಕುಡಿದಿದ್ದಾನೆ ನೋಡಿ’ ಎಂದು ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಬಾವಿಗಳೇ ಬತ್ತಿಹೋಗುವ ಆ ಸೆಕೆಯಲ್ಲಿ ಒಂದು ಲೋಟದ ಪಾಡೇನು ಎಂದು ಕೇಳಬಹುದು. ಆದರೆ ಸಾವಿನ ಮನೆಯಲ್ಲಿ ಅಂಥ ಅಧಿಕಪ್ರಸಂಗ ಯಾರೂ ಮಾಡುವುದಿಲ್ಲ. ಉಳಿದ ನೀರನ್ನು ಯಾರ ಕಾಲೂ ಬೀಳದ ಕಡೆ ಚೆಲ್ಲಿ, ಹೊಸ ನೀರು ತುಂಬಬೇಕು. ಅದು ಹೆಂಡತಿಯ ಕೆಲಸ.

ದೊಮಿತಿಲಾ ಆ ಕೆಲಸವನ್ನು ಒಂದು ದಿನವೂ ತಪ್ಪಿಸಲಿಲ್ಲ. ಅಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮಾಡಿದಳು. ಬಂದವರಿಗೆ ಕಾಫಿ ಕಾಸಿದಳು, ಮೆಕ್ಕೆಜೋಳದ ರೊಟ್ಟಿ ತಟ್ಟಿದಳು, ಮಗಳು ಲಿದಿಯಾಳ ತಲೆ ಬಾಚಿದಳು. ಒಳಗೆ ಏನೂ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ, ಮುಟ್ಟಿದರೆ ಇದೆ ಎಂದು ಗೊತ್ತಾಗುತ್ತಿತ್ತು, ಅಷ್ಟೆ. ಗಟ್ಟಿಗಿತ್ತಿ ಎಂದು ಕೆಲವರು ಹೊಗಳಿದರು. ಕಲ್ಲು ಎಂದು ಉಳಿದವರು ಪಿಸುಗುಟ್ಟಿದರು. ಎರಡೂ ಅವಳ ಕಿವಿಗೆ ಬಿದ್ದವು, ಎರಡೂ ಒಂದೇ ಅನ್ನಿಸಿತು.

ನೀರನ್ನು ಎಲ್ಲಿ ಚೆಲ್ಲುವುದು ಎಂಬುದೇ ಕಷ್ಟವಾಯಿತು. ಅಂಗಳದಲ್ಲಿ ಗಂಡಸರು ಇಸ್ಪೀಟು ಹಾಕಿಕೊಂಡು ಕೂತಿದ್ದರು. ಒಲೆಯ ಸುತ್ತ ಹೆಂಗಸರು, ಬೇಲಿಯುದ್ದಕ್ಕೂ ಕೋಳಿ, ನಾಯಿ, ನೆಂಟರ ಮಕ್ಕಳು. ಯಾರೂ ಕಾಲಿಡದ ಜಾಗ ಒಂದೇ ಇತ್ತು, ಹಿತ್ತಲಿನ ನೀಲಿ ಡ್ರಮ್ಮು. ಮೊದಲ ದಿನ ಅವಳು ಅದರ ಮೇಲಿನ ತಗಡು ಸರಿಸಿ, ತಳದಲ್ಲಿದ್ದ ಮಣ್ಣಿನ ಬಟ್ಟಲಿಗೆ ಲೋಟ ಬಗ್ಗಿಸಿದಳು. ಯೋಚಿಸಿ ಮಾಡಿದ್ದಲ್ಲ. ಮಾರನೆಯ ದಿನವೂ ಹಾಗೇ ಮಾಡಿದಳು.

ಡ್ರಮ್ಮಿನಲ್ಲಿ ಇದ್ದದ್ದು ವಿಷದ ಉಡ. ಮೊಳಕ್ಕಿಂತ ತುಸು ಉದ್ದ, ಕರಿ ಮೈಗೆ ಹಳದಿ ಪಟ್ಟೆ, ಮಣಿ ಪೋಣಿಸಿ ಹೊಲಿದಂಥ ಚರ್ಮ. ಮಹಾ ಸೋಮಾರಿ ಪ್ರಾಣಿ. ಅದರ ಉಸಿರು ತಾಕಿದರೆ ಹಸುವಿನ ಹಾಲು ಬತ್ತುತ್ತದೆ, ನೆರಳು ಬಿದ್ದರೆ ಮಗು ಸೊರಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಅದು ಬಾಲ ಎತ್ತಿ ಸಿಡಿಲನ್ನು ಕರೆಯುತ್ತದೆ ಎಂದು ಊರಿನವರ ನಂಬಿಕೆ. ಬೇಸಗೆಯೆಲ್ಲ ನೆಲದೊಳಗೆ ಮಲಗಿದ್ದು ಮೊದಲ ಮಳೆಗೆ ಹೊರಬರುವ ಪ್ರಾಣಿ ಅದು. ಸಿಡಿಲು ಬರುವುದೂ ಆಗಲೇ. ಊರಿಗೆ ಇನ್ನೇನು ಸಾಕ್ಷಿ ಬೇಕು? ಕಂಡಲ್ಲಿ ಹೊಡೆದು ಸುಡುತ್ತಿದ್ದರು. ಅವಳ ಗಂಡ ಇಲಾರಿಯೊ ಸಹ ಹುಡುಗನಾಗಿದ್ದಾಗ ಎಷ್ಟೋ ಸುಟ್ಟಿದ್ದ.

ಆದರೆ ಹೋದ ವರ್ಷ ಕಾಡು ಕಾಯುವವರ ಬೇಲಿ ಕೆಲಸಕ್ಕೆ ಕೂಲಿಗೆ ಹೋಗಿ ಬಂದಮೇಲೆ ಅವನ ರಾಗವೇ ಬದಲಾಗಿತ್ತು. ಮೇ ತಿಂಗಳ ಮೊದಲ ಮಳೆಗೆ ಪಕ್ಕದ ಮನೆಯ ಕೋಳಿಗೂಡಿನಲ್ಲಿ ಸಿಕ್ಕಿಬಿದ್ದ ಈ ಉಡವನ್ನು, ಹೊಡೆಯಲು ದೊಣ್ಣೆ ಎತ್ತಿದವರ ಕೈಯಿಂದ ಬಿಡಿಸಿ, ಗೋಣಿಯಲ್ಲಿ ಹಾಕಿಕೊಂಡು ಮನೆಗೆ ಬಂದ.

“ಮನೇಲಿ ಮಗು ಇದೆ ಅನ್ನೋ ಪರಿಜ್ಞಾನ ಬೇಡ್ವಾ ನಿಂಗೆ?” ಎಂದಿದ್ದಳು ದೊಮಿತಿಲಾ.

“ಸೋಮವಾರ ಕಾಡು ಕಾಯೋರು ಜೀಪ್ ತಂದು ತಗೊಂಡು ಹೋಗ್ತಾರೆ ಕಣೆ. ಅಲ್ಲೀವರೆಗೆ ಒಂದು ಮೊಟ್ಟೆ, ಒಂಚೂರು ನೀರು. ಇಡೀ ಪ್ರಪಂಚದಲ್ಲಿ ನಮ್ಮ ಈ ಸುಡುಗಾಡು ಕಣಿವೇಲಿ ಮಾತ್ರ ಇರೋದಂತೆ ಇದು. ಬೆಟ್ಟದಾಚೆ ಒಂದೂ ಇಲ್ಲ. ನಿನ್ ಥರಾನೇ ದೊಮಿ, ಬೇರೆ ಎಲ್ಲೂ ಒಗ್ಗಲ್ಲ.”

“ನಾನು ಪಕ್ಕದ ಮನೆ ಮೊಟ್ಟೆ ಕದ್ದಿಲ್ಲಪ್ಪ.”

“ಕದ್ದಿದ್ರೂ ನಿನ್ನನ್ನ ಡ್ರಮ್ಮಿಗೆ ಹಾಕ್ತಿರ್ಲಿಲ್ಲ, ಬಿಡು.”

ಅದು ಶುಕ್ರವಾರ. ಶನಿವಾರ ಮಧ್ಯಾಹ್ನ ಮೋಡ ಕಟ್ಟಿತು. ಬೆಟ್ಟದ ಮೇಲೆ ಮೇಯಲು ಬಿಟ್ಟಿದ್ದ ಹಸುವನ್ನು ಹೊಡೆದುಕೊಂಡು ಬರುತ್ತೇನೆಂದು ಇಲಾರಿಯೊ ಮಚ್ಚು ಸಿಕ್ಕಿಸಿಕೊಂಡು ಹೋದ. ರೊಟ್ಟಿ ತಿಂದು ಹೋಗು ಎಂದು ಕೂಗಿದರೆ ತಿರುಗಿಯೂ ನೋಡದೆ ಕೈಯಾಡಿಸಿದ. ಸಿಡಿಲು ಹೊಡೆದ ಮೇಲೆ ಹಸು ಒಂದೇ ವಾಪಸು ಬಂತು. ಸೋಮವಾರ ಹೊಳೆ ತುಂಬಿ ಜೀಪೂ ಬರಲಿಲ್ಲ.

ಅಂದಿನಿಂದ ಉಡವನ್ನು ಸುಡೋಣ ಎಂದು ದಿನಕ್ಕೊಬ್ಬರು ಕೇಳಿದರು. ಮನೆ ಅವಳದು, ಹೂಂ ಅನ್ನಬೇಕಾದವಳು ಅವಳು. ಆಮೇಲೆ ನೋಡೋಣ ಎನ್ನುತ್ತಿದ್ದಳು. ಅದು ಬದುಕಿದರೂ ಸತ್ತರೂ ಅವಳಿಗೆ ನಿಜವಾಗಿಯೂ ಒಂದೇ ಆಗಿತ್ತು.

ಒಂಬತ್ತನೆಯ ದಿನ ಬೆಳಗ್ಗೆ ಪ್ರಾರ್ಥನೆ ಹೇಳಿಕೊಡುವ ದೋನ್ಯಾ ಚೋನಾ, ದೇವರಿಗೆ ಕಿವುಡು ಎಂಬಂತೆ ಗಂಟಲೇರಿಸುವ ಹೆಂಗಸು, ತಿಂಡಿ ಸುತ್ತಲು ಬಾಳೆಲೆ ಕೊಯ್ಯುವುದಕ್ಕೆ ಹಿತ್ತಲಿಗೆ ಬಂದಳು. ಬಂದವಳು ದೊಮಿತಿಲಾಳ ಕೈಯ ಲೋಟ ನೋಡಿದಳು, ಡ್ರಮ್ಮು ನೋಡಿದಳು.

“ಅಯ್ಯೋ ಪರಮಾತ್ಮಾ! ಅವನ ನೀರನ್ನ ಅವನನ್ನ ಕೊಂದಿದ್ದಕ್ಕೇ ಕುಡಿಸ್ತಿದೀಯಲ್ಲೇ!”

“ಇಲ್ಲಿ ಯಾರೂ ತುಳಿಯಲ್ಲ ದೋನ್ಯಾ, ಅದಕ್ಕೆ,” ಎಂದಳು ದೊಮಿತಿಲಾ. ಇದ್ದ ಕಾರಣ ಅಷ್ಟೇ.

“ದಿನಾ ಇಲ್ಲೇ ಹಾಕಿದ್ಯಾ? ಅಲ್ಲಿ ಅವನಿಗೆ ಗಂಟಲು ಒಣಗಿರತ್ತೆ, ಇಲ್ಲಿ ಇದು ಕುಡಿದು ಕೊಬ್ಬಿದೆ! ಯಾರಾದ್ರೂ ಬನ್ರೋ!”

ಅಂಗಳವೆಲ್ಲ ಹಿತ್ತಲಿಗೆ ಬಂತು. ಇಲಾರಿಯೊನ ತಮ್ಮ ನಿಕಾನೊರ್ ಇಸ್ಪೀಟು ಎಸೆದು ಸೀಮೆಎಣ್ಣೆ ಡಬ್ಬಿ ಹಿಡಿದುಕೊಂಡೇ ಬಂದ. ಅಣ್ಣನದೇ ಮೋಟು ಬೆರಳು, ಅಣ್ಣನದೇ ನಡಿಗೆ. ಅವನ ಮುಖ ನೋಡಿ ದೊಮಿತಿಲಾ ಕಣ್ಣು ಬೇರೆ ಕಡೆ ತಿರುಗಿಸಿದಳು.

“ಅತ್ತಿಗೆ, ನೀನು ಆಚೆ ಹೋಗು. ಅಣ್ಣನಿಗೋಸ್ಕರ ನಾನು ಇಷ್ಟಾದ್ರೂ ಮಾಡ್ಬೇಕು.”

ಅವಳು ಸರಿದಳು. ಮಾಡಿಕೊಳ್ಳಲಿ ಎಂದು ಎರಡು ಹೆಜ್ಜೆ ನಡೆದೂ ಬಿಟ್ಟಳು. ಅಷ್ಟರಲ್ಲಿ ದೋನ್ಯಾ ಚೋನಾ ಲಿದಿಯಾಳ ಮುಖವನ್ನು ತನ್ನ ಹೊಟ್ಟೆಗೆ ಅವುಚಿಕೊಂಡು, “ನೋಡ್ಬೇಡ ಕಂದ,” ಎಂದಳು. “ನಿಮ್ಮಪ್ಪ ಒಬ್ಬರ ಮಾತಾದ್ರೂ ಕೇಳಿದ್ರೆ ಇವತ್ತು ಇರ್ತಿದ್ದ.”

ಮರುಕದಿಂದಲೇ ಹೇಳಿದ ಮಾತು. ದೊಮಿತಿಲಾ ನಿಂತಳು. ವಾಪಸು ಬಂದು ಡ್ರಮ್ಮಿಗೆ ಬೆನ್ನು ಕೊಟ್ಟು ನಿಂತಳು.

“ಸುಡಬೇಡ.”

“ಏನಂದೆ?”

“ಇದನ್ನ ಸುಟ್ರೆ ಇದೇ ಸಿಡಿಲು ಕರೀತು ಅಂತ ನಾವು ಒಪ್ಪಿದ ಹಾಗಾಯ್ತು. ಇದನ್ನ ಮನೆಗೆ ತಂದಿದ್ದು ಯಾರು, ನಿಕಾನೊರ್? ‘ನಿಮ್ಮಪ್ಪ ತನ್ನ ಸಾವನ್ನ ತಾನೇ ಗೋಣೀಲಿ ಹೊತ್ಕೊಂಡು ಬಂದ’ ಅಂತ ಈ ಮಗು ಸಾಯೋವರೆಗೂ ಕೇಳಿಸ್ಕೋಬೇಕು. ನೀನೂ ಹಾಗೇ ಹೇಳ್ತೀಯಾ ಅವಳಿಗೆ?”

ನಿಕಾನೊರ್ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. “ಹಾಗಾದ್ರೆ ಯಾಕೆ ಸತ್ತ ಅತ್ತಿಗೆ? ಹೇಳು. ಯಾಕೆ ಅವನೇ?”

“ಮಳೆ ಬರ್ತಿತ್ತು. ಅವನು ಬೆಟ್ಟದ ಮೇಲಿದ್ದ. ಅಷ್ಟೇ.”

ಸುಡುವುದಕ್ಕೆ ಏನಾದರೊಂದು ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಅವಳಿಗೂ ಗೊತ್ತಿತ್ತು. ‘ಅಷ್ಟೇ’ ಎಂಬ ಮಾತಿಗಿಂತ ಅದು ಸುಲಭ.

ಅವಳೇ ಪೊರಕೆಯ ಹಿಡಿಯಿಂದ ಉಡವನ್ನು ಗೋಣಿಗೆ ತಳ್ಳಿ, ಬಾಯಿ ಕಟ್ಟಿ, ಕಳ್ಳಿ ಬೆಳೆದ ಕಲ್ಲು ಗುಡ್ಡಕ್ಕೆ ಹೊತ್ತುಕೊಂಡು ಹೋದಳು. ಜೀಪು ಕಾಯುತ್ತ ಕೂತರೆ ಊರು ಅದನ್ನು ಉಳಿಸುತ್ತಿರಲಿಲ್ಲ. ನಿಕಾನೊರ್ ಸಾಕಷ್ಟು ಅಂತರ ಇಟ್ಟುಕೊಂಡು ಹಿಂದೆಯೇ ಬಂದ. ದೂರದಲ್ಲೆಲ್ಲೋ ಗುಡುಗಿದಾಗ ಸೊಂಟದ ಮಚ್ಚನ್ನು ಕಿತ್ತು ಪೊದೆಗೆ ಎಸೆದ. ಗೋಣಿ ಬಿಚ್ಚಿದ ಮೇಲೆ ಉಡ ಒಂದು ಗಳಿಗೆ ನಾಲಗೆ ಆಡಿಸಿತು. ಆಮೇಲೆ, ಯಾವ ಅವಸರವೂ ಇಲ್ಲದೆ, ಬಂಡೆಯ ಸಂದಿಗೆ ಹೋಯಿತು.

“ಉಳಿಸಿದೋಳನ್ನ ಒಂದ್ಸಲ ತಿರುಗೀನೂ ನೋಡ್ಲಿಲ್ಲ, ಹಲ್ಕಾ ಪ್ರಾಣಿ,” ಎಂದ ನಿಕಾನೊರ್.

“ನಿಮ್ಮಣ್ಣನೂ ನೋಡ್ಲಿಲ್ಲ.”

ನಿಕಾನೊರ್ ಕಲ್ಲಿನ ಮೇಲೆ ಕುಸಿದು ಕೂತು ಗೋಳೋ ಎಂದು ಅತ್ತ. ಅವಳು ಗೋಣಿ ಮಡಚಿಕೊಂಡು, ದಾರಿಯಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವವರಿಗೆ ಕಾಯುವ ಹಾಗೆ, ಅವನ ಅಳು ಮುಗಿಯುವವರೆಗೂ ಕಾದಳು.

ಸಂಜೆ ಕೊನೆಯ ಪ್ರಾರ್ಥನೆ ಆಯಿತು. ದೋನ್ಯಾ ಚೋನಾ ಮುನಿಸಿಕೊಂಡಿದ್ದರೂ ಒಂದು ಸಾಲೂ ನುಂಗದೆ ಹೇಳಿ ಮುಗಿಸಿದಳು. ನೆಲದ ಮೇಲೆ ಸುಣ್ಣದಲ್ಲಿ ಬರೆದಿದ್ದ ಶಿಲುಬೆಯನ್ನು ಗುಡಿಸಿ ತೆಗೆದರು, ಬತ್ತಿ ಆರಿಸಿದರು, ಇಲಾರಿಯೊ ಇನ್ನು ಹೋದ ಎಂದರು. ಜನ ತಿಂಡಿಯ ಪೊಟ್ಟಣ ಹಿಡಿದು ಮನೆಗಳಿಗೆ ಹೊರಟರು.

ಮೇಜಿನ ಮೇಲೆ ಲೋಟ ಉಳಿದಿತ್ತು. ದೊಮಿತಿಲಾ ಅದನ್ನು ಎತ್ತಿಕೊಂಡು ಅಭ್ಯಾಸದಂತೆ ಹಿತ್ತಲಿಗೆ ನಡೆದಳು. ನೀಲಿ ಡ್ರಮ್ಮನ್ನು ಯಾರೋ ತೊಳೆದು ಬೋರಲು ಹಾಕಿದ್ದರು. ಅವಳು ಅತ್ತ ಇತ್ತ ನೋಡಿದಳು. ಎಲ್ಲ ಕಡೆಯೂ ಕಾಲಿನ ಗುರುತು. ಚೆಲ್ಲಲು ಎಲ್ಲೂ ಜಾಗ ಇರಲಿಲ್ಲ.

ಲೋಟವನ್ನು ತುಟಿಗಿಟ್ಟಳು. ನೀರು ಬೆಚ್ಚಗಿತ್ತು, ಮೇಣದ ವಾಸನೆ ಬರುತ್ತಿತ್ತು. ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು, ಆಮೇಲೆ ನಿಲ್ಲಿಸಲಾಗದೆ ಗಟಗಟ ಕುಡಿದುಬಿಟ್ಟಳು. ತನಗೆ ಇಷ್ಟು ಬಾಯಾರಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.