ಒರ್ಫಾಳ ವಿಷಯ

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ತಮಿಳು ಸೀಮೆಯ ಹರೂರಿನ ಪಾಪಾತಿಯವರ ಜಗಲಿಯಲ್ಲಿ ಬೈಬಲ್ಲಿನ ರೂತಳ ಪುಸ್ತಕದ ಮೊದಲ ಅಧ್ಯಾಯವನ್ನು ಓದಿ ಮುಗಿಸಲಾಯಿತು.

ಪಾಪಾತಿ ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತರಾದವರು. ವಾರಕ್ಕೊಮ್ಮೆ ಅವರ ಮನೆಯಲ್ಲಿ ಬೈಬಲ್ ಓದು ನಡೆಯುತ್ತದೆ. ಬರುವವರಲ್ಲಿ ಮೂವರು ಕನ್ನಡ ಮಾತನಾಡುವ ಹಿಂದೂ ಮನೆಗಳ ಹೆಂಗಸರು. ದೇವರು ಬದಲಿಸಿ ಎಂದು ಪಾಪಾತಿ ಯಾರಿಗೂ ಹೇಳಿದ್ದಿಲ್ಲ. ಬೈಬಲ್ಲೂ ಅದರ ಸರಳ ವ್ಯಾಖ್ಯಾನದ ಪುಸ್ತಕವೂ ತಮಿಳಿನವು. ಓದಿದ ಮೇಲೆ ಮಾತು ಕನ್ನಡದಲ್ಲಿ. ಅಲ್ಲಿ ನಿಯಮ ಒಂದೇ. ಯಾರು ಏನು ಹೇಳಿದರೂ ಅದು ಪುಟದಲ್ಲಿ ಎಲ್ಲಿದೆಯೋ ಅಲ್ಲಿ ಬೆರಳಿಟ್ಟು ತೋರಿಸಬೇಕು. ವ್ಯಾಖ್ಯಾನ ತೆರೆಯುವುದು ಆಮೇಲೆ.

ಅಂದು ಆ ಮೂವರಲ್ಲಿ ಚಿಕ್ಕವಳಾದ ಅರ್ಚನಾಳಿಗೆ ಓದಿನಲ್ಲಿ ಮನಸ್ಸಿರಲಿಲ್ಲ. ಗಂಡ ರಾಮು ರಸ್ತೆ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವಳು ಅತ್ತೆ ವೆಂಕಟಲಕ್ಷ್ಮಮ್ಮನವರ ಜೊತೆ ಭಾವ ತಿಮ್ಮರಾಜು ಅವರ ಮನೆಯಲ್ಲೇ ಇದ್ದಳು. ಈಗ ಸೇಲಂನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು, ಹಾಸ್ಟೆಲಿನಲ್ಲಿರಬೇಕು. ಈಗ ಪಕ್ಕದಲ್ಲೇ ಕೂತಿದ್ದ ಅತ್ತೆ ಹೂಂ ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ಅವರು ಹೂಂ ಅನ್ನದೆ ಹೋಗುವುದಿಲ್ಲ ಎಂದು ಅರ್ಚನಾ ತೀರ್ಮಾನಿಸಿದ್ದಳು.

ಅಧ್ಯಾಯದ ಕತೆ ಎಲ್ಲರಿಗೂ ತಿಳಿಯಿತು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ನೊವೊಮಿ ತನ್ನೂರಿಗೆ ಹೊರಟಳು. ಸೊಸೆಯರಿಗೆ ನಿಮ್ಮ ನಿಮ್ಮ ತಾಯಿಯ ಮನೆಗೆ ಹೋಗಿ ಅಂದಳು. ರೂತ್ ಅತ್ತೆಯನ್ನು ಬಿಡಲಿಲ್ಲ. ಒರ್ಫಾ ಅತ್ತು, ಮುತ್ತಿಟ್ಟು, ಹಿಂದಿರುಗಿದಳು.

"ಅತ್ತೇನ ನಡು ದಾರೀಲಿ ಬಿಟ್ಟೋಳು ಉದ್ಧಾರ ಆಗ್ತಾಳಾ?" ಅಂದರು ಪಕ್ಕದ ಮನೆಯ ಮುನಿಲಕ್ಷ್ಮಮ್ಮ, ಅರ್ಚನಾಳ ಕಡೆ ನೋಡುತ್ತಾ. "ಊರು ಸೇರೋಕ್ ಮುಂಚೇನೇ ಕೆಟ್ಟಿರ್ತಾಳೆ."

"ಎಲ್ಲೈತೆ ಮುನಿಲಕ್ಷ್ಮಿ? ಬೆರಳಿಡು," ಅಂದರು ಪಾಪಾತಿ.

"ಎಲ್ಲಾರ್ಗೂ ತೆರಿಞ್ಚಿರೋ ವಿಷ್ಯಾನೇ ಅಲ್ವಾ ಅಕ್ಕಾ."

"ಎಲ್ಲಾರ್ಗೂ ಗೊತ್ತಿದ್ರೆ ಪುಸ್ತಕ್ಕೂ ಗೊತ್ತಿರ್ಬೇಕಲ್ಲ. ನೋಡು, ಕಾಯ್ತೀವಿ."

ಮುನಿಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡರು. ಪುಸ್ತಕ ಚಿಕ್ಕದು, ನಾಲ್ಕೇ ಅಧ್ಯಾಯ, ನಾಲ್ಕನ್ನೂ ಹುಡುಕಿದರು. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಗೋ. ತನ್ನ ಜನದತ್ರ, ತನ್ನ ದೇವ್ರತ್ರ ವಾಪಸ್ ಒಂಟೋದ್ಲು ಅಂತ ಐತೆ."

"ಒಂಟೋದ್ಲು ಅಂತ ಐತೆ. ಕೆಟ್ಲು ಅಂತ ಐತಾ?"

"ಅದಿಲ್ಲ."

"ಸರಿ. ಅರ್ಚನಾ, ಈಗ ವ್ಯಾಖ್ಯಾನ ತೆಗಿ."

ಅರ್ಚನಾ ತಮಿಳಿನಲ್ಲಿ ಓದಿ, ಓದು ಬಾರದ, ಪುಸ್ತಕದ ತಮಿಳು ತಿಳಿಯದ ಅತ್ತೆಗಾಗಿ ಕನ್ನಡದಲ್ಲಿ ಹೇಳಿದಳು. ಒರ್ಫಾಳನ್ನು ಕಟುವಾಗಿ ಕಂಡ ವ್ಯಾಖ್ಯಾನಕಾರರು ಹಿಂದೆ ಇದ್ದರು. ಆದರೆ ಮೂಲದಲ್ಲಿ ಅವಳ ಮೇಲೆ ದೂರಿಲ್ಲ. ರೂತ್ ದೊಡ್ಡವಳಾಗಲು ಒರ್ಫಾ ಚಿಕ್ಕವಳಾಗಬೇಕಿಲ್ಲ. ಕೊನೆಯ ಮಾತು ಬಂದಾಗ ಅವಳ ದನಿ ತಗ್ಗಿತು.

ಅಲ್ಲಿಯವರೆಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ವೆಂಕಟಲಕ್ಷ್ಮಮ್ಮ ಕೈ ನಿಲ್ಲಿಸಿದರು.

"ಆ ಅತ್ತೆ ಒಳ್ಳೇದಾಗ್ಲಿ ಅಂದ್ಲಲ್ಲ, ಅದು ಉಳ್ಕೊಂಡೋಳ್ಗಾ, ಇಬ್ರಿಗೂನಾ?"

"ಇಬ್ರಿಗೂ ಅತ್ತೆ. ಸತ್ತೋರ್ಗೂ ನಂಗೂ ನೀವು ಒಳ್ಳೇದು ಮಾಡಿದ್ದೀರಿ, ದೇವ್ರು ನಿಮ್ಗೂ ಅಂಗೇ ಮಾಡ್ಲಿ ಅಂತಾಳೆ."

"ಎಲ್ಲಿ, ತೋರ್ಸು."

ಅರ್ಚನಾ ಎಂಟನೆಯ ವಚನದ ಮೇಲೆ ಬೆರಳಿಟ್ಟಳು. ವೆಂಕಟಲಕ್ಷ್ಮಮ್ಮ ಹುಣಸೆ ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ತಾವೂ ಅಲ್ಲೇ ಬೆರಳಿಟ್ಟು, ಆ ಸಾಲನ್ನು ಸ್ವಲ್ಪ ಹೊತ್ತು ನೋಡಿದರು.

ಪಾಪಾತಿಗೆ ವಿಷಯ ಅರ್ಥವಾಗಿತ್ತು. ತಮ್ಮ ಗುಂಪಿನ ಹುಡುಗಿಗೆ ಅನುಕೂಲವಾಗುವ ಮಾತೆಂದು ಅವರು ಅದನ್ನು ಹಿಗ್ಗಿಸಲಿಲ್ಲ. "ವೆಂಕಟಲಕ್ಷ್ಮಮ್ಮಾ, ಸೊಸೇನ ಕಳ್ಸು ಅಂತ ಈ ಪುಸ್ತಕ ಏಳಿಲ್ಲ. ಕಳಿಸ್ಬೇಡ ಅಂತಾನೂ ಏಳಿಲ್ಲ. ಅದು ನಿಮ್ಮ ಮನೆ ಮಾತು," ಅಂದರು.

"ಗೊತ್ತು ಅಕ್ಕಾ. ಅವ್ಳು ಒಂಟೋದ್ರೆ ರಾಮೂನೂ ಒಂಟೋದಂಗೆ ಆಯ್ತದೆ ಅಂತ ನಾನೇ ಬಾಯಿ ಕಟ್ಕೊಂಡು ಕೂತಿದ್ದೆ. ಅವ್ಳದು ಏನೂ ತಪ್ಪಿಲ್ಲ." ಸೊಸೆಯ ಕಡೆ ತಿರುಗಿದರು. "ಸೋಮ್ವಾರ ಬಸ್ಸು ಎಷ್ಟೊತ್ಗೆ?"

"ಆರೂವರೆಗೆ ಒಂದೈತೆ," ಅಂದಳು ಅರ್ಚನಾ.

"ಊರು ಏನಂತೈತೆ?" ಅಂದರು ಮುನಿಲಕ್ಷ್ಮಮ್ಮ.

"ಊರ್ನೂ ಕರ್ಕೊಂಡ್ ಬಾ. ಪಾಪಾತಕ್ಕನ ಮುಂದೆ ಕೂತು ಬೆರಳಿಡ್ಲಿ," ಅಂದರು ವೆಂಕಟಲಕ್ಷ್ಮಮ್ಮ.

ಮೊದಲು ನಕ್ಕವರು ಮುನಿಲಕ್ಷ್ಮಮ್ಮನೇ.

ಸೋಮವಾರ ಅತ್ತೆ ಸೊಸೆ ಇಬ್ಬರೂ ಸೇಲಂ ಬಸ್ಸು ಹತ್ತಿದರು. ವೆಂಕಟಲಕ್ಷ್ಮಮ್ಮ ಹಾಸ್ಟೆಲಿನ ಕೋಣೆ ನೋಡಿ, ಕಿಟಕಿಯ ಚಿಲಕ ಹಾಕಿ ತೆಗೆದು, ವಾರ್ಡನ್ ಜೊತೆ ತಮಿಳಿನಲ್ಲಿ ಮಾತಾಡಿ, ಸಂಜೆಯ ಬಸ್ಸಿಗೆ ಹರೂರಿಗೆ ಮರಳಿದರು.