ಬೆನ್ನಿಗೊಂದೇ ಚೀಲ

ಸಾಬೆರಾ ಅವರ ಕೈ ಖಾಲಿ ಇದ್ದದ್ದನ್ನು ಕಂಡವರಿಲ್ಲ. ಖಾಲಿ ಇದ್ದರೂ ಹಾಗೆ ಅನ್ನಿಸುತ್ತಿರಲಿಲ್ಲ. ಬಲಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡು, ಕಾಣದ ಯಾವುದೋ ಚೀಲದ ಹಿಡಿಯನ್ನು ಹಿಡಿದಂತೆಯೇ ಇರುತ್ತಿದ್ದವು. ಬಲಭುಜ ಎಡಭುಜಕ್ಕಿಂತ ತುಸು ಕೆಳಗೆ. ನಡೆಯುವಾಗ ಮೈ ಮುಂದಕ್ಕೆ ಬಾಗುತ್ತಿತ್ತು. ಸ್ಯಾನ್ ಡಿಯೆಗೋದ ಯೂನಿವರ್ಸಿಟಿ ಸಿಟಿಯ ಅಗಲವಾದ ಫುಟ್‌ಪಾತಿನಲ್ಲಿ, ನಾಯಿ ಹಿಡಿದು ನಿಧಾನವಾಗಿ ಅಡ್ಡಾಡುವ ಜನರ ನಡುವೆ, ಸಲ್ವಾರ್ ಕಮೀಜಿನ ಕೆಳಗೆ ಕಿತ್ತಳೆ ಬಣ್ಣದ ಬೂಟು ಹಾಕಿಕೊಂಡು, ದುಪಟ್ಟಾವನ್ನು ಅಡ್ಡಡ್ಡ ಬಿಗಿದು, ಗಂಟುಮೂಟೆ ಹೊತ್ತು, ಹೊರಟುಬಿಟ್ಟ ರೈಲನ್ನು ಹಿಡಿಯಲು ಓಡುವವರ ಹಾಗೆ ಆಕೆ ಸಾಗುತ್ತಿದ್ದರು. ರೈಲೂ ಇರಲಿಲ್ಲ, ಮೂಟೆಯೂ ಇರಲಿಲ್ಲ. ಹೊತ್ತು ಹೊತ್ತು ಮೈ ಹಾಗೆ ಆಗಿತ್ತು.

ಮೈಸೂರಿನ ಮಂಡಿ ಮೊಹಲ್ಲಾದವರು. ಓದು ಏಳನೆಯ ಕ್ಲಾಸಿಗೆ ನಿಂತಿತು. ಮದುವೆಯಾಗಿ ಅಮೆರಿಕಕ್ಕೆ ಬಂದರು. ಗಂಡ ಮುಜ್ತಬಾ ಲಾಸ್ ಏಂಜಲೀಸಿನ ಪಕ್ಕದ ಬರ್ಬ್ಯಾಂಕಿನಲ್ಲಿ ಸಿನಿಮಾ ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು, ಮನೆ ಅದೇ ಸುತ್ತಿನ ವಾಲ್‌ನಟ್‌ನಲ್ಲಿ. ಊರಿಗೆ ಹೋಗುವ ಸುದ್ದಿ ಹೊರಬಿದ್ದರೆ ಸಾಕು, ಬಾಗಿಲಿಗೆ ಪೊಟ್ಟಣಗಳು ಬಂದು ಕೂರುತ್ತಿದ್ದವು. ಯಾರದೋ ಅತ್ತೆಗೆ ವಿಟಮಿನ್ ಮಾತ್ರೆ, ಯಾರದೋ ತಂಗಿಯ ಕೂಸಿಗೆ ಶೂ, ಇನ್ಯಾರದೋ ಭಾವನಿಗೆ ಬೆನ್ನುಪಟ್ಟಿ. ಬರುವಾಗ ಆ ಕಡೆಯಿಂದ ಕುಕ್ಕರಿನ ರಬ್ಬರು, ಮದುವೆಯ ಶೇರ್ವಾನಿ, ಮೆಣಸಿನಪುಡಿ. ಉಮಾಶಂಕರ ಎನ್ನುವ ಎಂಜಿನಿಯರರ ತಾಯಿಗೆ ಮಿಕ್ಸಿಯ ಚಟ್ನಿ ಸೇರುವುದಿಲ್ಲವೆಂದು ಒಮ್ಮೆ ಒರಳುಕಲ್ಲು. ಎಲ್ಲರಿಗೂ ಸಾಬೆರಾ ಹೇಳುತ್ತಿದ್ದದ್ದು ಒಂದೇ ಮಾತು: “ಅದಕ್ಕೇನು, ಕೊಡಿ.” ಒಂದು ಸಲ ಪೆಟ್ಟಿಗೆಯಲ್ಲಿ ತಮ್ಮ ಬಟ್ಟೆಗೇ ಜಾಗ ಉಳಿಯಲಿಲ್ಲ. ಮೈಸೂರಿನಲ್ಲಿ ತಿಂಗಳುಪೂರ್ತಿ ತಂಗಿಯ ಬಟ್ಟೆ ಉಟ್ಟು ತಿರುಗಿದರು. ತಂಗಿ ಕುಳ್ಳಿ. ಬೀದಿಯವರೆಲ್ಲ ಅಮೆರಿಕದ ಫ್ಯಾಷನ್ ಅಂದುಕೊಂಡರು.

ಮುಜ್ತಬಾ ಕೊರೊನಾಕ್ಕೆ ಹೋದದ್ದು ಎರಡು ಸಾವಿರದ ಇಪ್ಪತ್ತೊಂದನೇ ಇಸವಿಯ ಜನವರಿಯಲ್ಲಿ, ಲಾಸ್ ಏಂಜಲೀಸಿನ ಆಸ್ಪತ್ರೆಗಳಲ್ಲಿ ಮಂಚ ಸಿಗದ ದಿನಗಳಲ್ಲಿ. ಆಸ್ಪತ್ರೆಯವರು ಫೋನಿನ ಗಾಜಿನಲ್ಲಿ ಅವರ ಮುಖ ತೋರಿಸಿದರು. ಅಷ್ಟೇ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಮನೆಯೊಳಗೇ ಕೂರುವ ಇದ್ದತ್ತನ್ನು ಸಾಬೆರಾ ಕೂತರು. ಆ ವರ್ಷ ಊರಿಗೆ ಊರೇ ಇದ್ದತ್ತು ಕೂತಿತ್ತು, ಹಾಗಾಗಿ ಯಾರಿಗೂ ಅದು ಕಾಣಲಿಲ್ಲ. ಆಮೇಲೆ ಮಗಳು ಮೆಹರೀನ್ ತಾಯಿಯನ್ನು ಸ್ಯಾನ್ ಡಿಯೆಗೋದ ತನ್ನ ಅಪಾರ್ಟ್‌ಮೆಂಟಿಗೆ ಕರೆತಂದಳು.

ಗಂಡ ಹೋದ ಮೇಲೆ ಒಂದು ಹೊಸ ಕಾಟ ಶುರುವಾಗುತ್ತದೆ. ಕಳೆದುಕೊಂಡವರಿಗೆಲ್ಲ ಅದು ಗೊತ್ತು. ನೀವು ಒಳಗೆ ಬಂದ ಕೂಡಲೇ ಜನ ದನಿ ತಗ್ಗಿಸುತ್ತಾರೆ. ನಗುತ್ತಿದ್ದವರು ನಗು ನುಂಗುತ್ತಾರೆ. ಬಿರಿಯಾನಿಗೆ ಉಪ್ಪು ಜಾಸ್ತಿಯಾಗಿದೆ ಅನ್ನುವುದನ್ನೂ ಸಂತಾಪದ ದನಿಯಲ್ಲೇ ಹೇಳುತ್ತಾರೆ. ಅವರ ತಪ್ಪಲ್ಲ, ಒಳ್ಳೆಯವರೇ. ಆದರೆ ಎರಡು ವರ್ಷ ಕಳೆದರೂ ಆ ದನಿ ಮೇಲೇಳಲಿಲ್ಲ. ಸಾಬೆರಾ ಒಮ್ಮೆ ತಮ್ಮ ವಾಕಿಂಗ್ ಗೆಳತಿ ವತ್ಸಲಾ ಅವರಿಗೆ ಹೇಳಿದರು: “ನನ್ನ ಮುಖ ನೋಡಿ ದನಿ ತಗ್ಗಿಸದೇ ಇರೋ ಊರು ಒಂದು ಬೇಕು ನೋಡಿ. ನಾಲ್ಕು ದಿನ ಸಾಕು.”

ಊರು ಸಿಕ್ಕಿದ್ದು ವತ್ಸಲಾ ಅವರ ಮನೆಯಲ್ಲೇ. ಅವರ ತಂಗಿಯ ಮಗಳು ನಿಕಿತಾ ಕಾಲೇಜು ಮುಗಿಸಿ ಪೋರ್ಚುಗಲ್ಲಿನ ಲಿಸ್ಬನ್ ನೋಡಿಕೊಂಡು ಬಂದಿದ್ದಳು. ಟೀವಿಯ ಮೇಲೆ ಫೋಟೋ ಹಾಕಿ ತೋರಿಸಿದಳು. ಏರುಬೀದಿಗಳು, ಹಳದಿ ಟ್ರಾಮು, ಹೂವಿನ ಚಿತ್ತಾರದ ಟೈಲ್ಸು ಮೆತ್ತಿದ ಗೋಡೆಗಳು. ಸಾಬೆರಾ ಅದ್ಯಾವುದನ್ನೂ ನೋಡಲಿಲ್ಲ. ಅವರ ಕಣ್ಣು ಹೋದದ್ದು ಹುಡುಗಿಯ ಬೆನ್ನಿಗಿದ್ದ ಚೀಲಕ್ಕೆ.

“ಮಿಕ್ಕ ಸಾಮಾನು ಎಲ್ಲಮ್ಮಾ?”

“ಅಷ್ಟೇ ಆಂಟಿ. ದಟ್ಸ್ ಇಟ್.”

“ಯಾರಿಗೂ ಏನೂ ತಗೊಂಡು ಹೋಗ್ಲಿಲ್ವಾ?”

“ಯಾರಿಗೆ? ಐ ನ್ಯೂ ನೋಬಡಿ ದೇರ್.”

ಆ ಉತ್ತರ ಸಾಬೆರಾ ಅವರ ಒಳಗೆ ಇಳಿದು ಕೂತಿತು. ಯಾರೂ ಗೊತ್ತಿಲ್ಲದ ಊರು. ಬೆನ್ನಿಗೆ ತನ್ನದಷ್ಟೇ ಸಾಮಾನು. ಅರವತ್ಮೂರನೆಯ ವಯಸ್ಸಿನಲ್ಲಿ, ಇಂಥದೊಂದು ಇದೆ ಎಂದು ಆಕೆಗೆ ಅವತ್ತು ತಿಳಿಯಿತು.

ಲಿಸ್ಬನ್ನಿಗೆ ಒಬ್ಬಳೇ ಹೋಗಿ ಬರ್ತೀನಿ ಎಂದಾಗ ಮೆಹರೀನ್ ಮೊದಲು ನಕ್ಕಳು, ಆಮೇಲೆ ಹೆದರಿದಳು. “ಅಮ್ಮಿ, ನೀವು ಇಲ್ಲಿ ಟ್ರಾಲಿ ರೈಲೂ ಒಬ್ಬರೇ ಹತ್ತಿಲ್ಲ. ಲಿಸ್ಬನ್ ಅಂತೀರಲ್ಲ,” ಎಂದಳು. ತಾಯಿ ವಾದ ಮಾಡಲಿಲ್ಲ. ಮರುದಿನ ಮಗಳು ತನ್ನ ಕೆಲಸದ ಲ್ಯಾಬಿನಲ್ಲಿದ್ದಾಗ ತಾಯಿಯ ಫೋನು ಬಂತು. “ಟ್ರಾಲಿ ಕೊನೆಯ ಸ್ಟೇಷನ್ನಿಗೆ ಬಂದು ನಿಂತಿದೆ. ಎದುರಿಗೆ ಮೆಕ್ಸಿಕೋ ಕಾಣ್ತಾ ಇದೆ. ಹೋಗಲಾ, ವಾಪಸ್ ಬರಲಾ?” ಮೆಹರೀನ್ ಆ ಸಂಜೆಯೇ ಟಿಕೆಟ್ ಬುಕ್ ಮಾಡಿಕೊಟ್ಟಳು.

ಅಭ್ಯಾಸ ನಡೆದದ್ದು ಹತ್ತಿರದ ರೋಸ್ ಕ್ಯಾನಿಯನ್ ಕಣಿವೆಯ ಕಾಲುದಾರಿಯಲ್ಲಿ. ಬೂದುಬಣ್ಣದ ಹೊಸ ಚೀಲಕ್ಕೆ ಸೋನಾಮಸೂರಿ ಅಕ್ಕಿ ತುಂಬಿಕೊಂಡು ಏರುವುದು, ಇಳಿಯುವುದು. ಅಕ್ಕಿ ಯಾಕೆ ಆಂಟಿ, ನೀರಿನ ಬಾಟಲಿ ಹಾಕಿ ಎಂದು ಯಾರೋ ಹೇಳಿದರು. ಅಕ್ಕಿಯ ಭಾರ ಬೆನ್ನಿಗೆ ಪರಿಚಯವಿದೆ, ನೀರಿನದು ಗೊತ್ತಿಲ್ಲ ಎಂದರು. ಎರಡು ತಿಂಗಳಲ್ಲಿ ವತ್ಸಲಾ ಹಿಂದೆ ಬಿದ್ದರು, ಸಾಬೆರಾ ಮುಂದೆ ಹೋಗಿ ನಿಂತು ಕಾಯತೊಡಗಿದರು.

ಸುದ್ದಿ ವಾಲ್‌ನಟ್ ತಲುಪದೆ ಇರುತ್ತದೆಯೇ. ಅಲ್ಲಿ ಇರುವವರು ಗಂಡನ ಅಕ್ಕ ಕಮರ್. ಎಪ್ಪತ್ತು ದಾಟಿದ ದೊಡ್ಡ ಹೆಂಗಸು, ದೊಡ್ಡ ದನಿ. ಇಡೀ ಬಳಗದ ಮದುವೆ, ಮುಂಜಿ, ಮನೆ ಖರೀದಿ ಎಲ್ಲ ಅವರ ಅಡುಗೆಮನೆಯಲ್ಲೇ ತೀರ್ಮಾನವಾಗಬೇಕು. ಸಾಬೆರಾ ಬಂದಾಗ ಮಾತ್ರ ಆ ದೊಡ್ಡ ದನಿ ಪಿಸುಮಾತಾಗುತ್ತಿತ್ತು. ಪ್ರಯಾಣಕ್ಕೆ ದುಆ ಮಾಡೋಣವೆಂದು ಹೊರಡುವ ಮುನ್ನಾದಿನ, ಭಾನುವಾರ, ಊಟಕ್ಕೆ ಕರೆದರು. ಉಂಡು ಕೈ ತೊಳೆಯುವಷ್ಟರಲ್ಲಿ ಸೋಫಾದ ಮೇಲೆ ಪೊಟ್ಟಣಗಳು ಎದ್ದು ನಿಂತಿದ್ದವು. ಕಮರ್ ಅವರ ಗಂಡನ ಕಡೆಯ ಹುಡುಗ ಕಾಶಿಫ್ ಲಿಸ್ಬನ್ನಿನಲ್ಲೇ ಕೆಲಸಕ್ಕಿದ್ದಾನಂತೆ. ಅವನಿಗೆ ಎರಡು ಕಿಲೋ ಬ್ಯಾಡಗಿ ಮೆಣಸಿನಪುಡಿ, ಮಗುವಿನ ಸ್ವೆಟರು, ನಮಾಜಿಗೆ ಹಾಸುವ ದಪ್ಪನೆಯ ಜಾನಮಾಜು. ಪಕ್ಕದ ಮನೆಯ ಆರತಿಯ ತಮ್ಮ ಸ್ಪೇನಿನಲ್ಲಿದ್ದ. ಅವನಿಗೆ ಕೊಬ್ಬರಿ ಮಿಠಾಯಿ. ಪಕ್ಕದ ದೇಶ ತಾನೇ, ಅಲ್ಲಿಂದ ಪೋಸ್ಟ್ ಮಾಡಿದರಾಯಿತು ಎಂದಳು ಆರತಿ.

ಕಮರ್ ಸಾಬೆರಾ ಅವರ ಕೈ ಹಿಡಿದು, ದನಿ ತಗ್ಗಿಸಿ, ಇನ್ನೊಂದು ಹೊರೆಯನ್ನೂ ಇಟ್ಟರು. “ಹೋಟೆಲು ಗೀಟೆಲು ಯಾಕೆ? ಕಾಶಿಫ್ ಮನೇಲೇ ಇಳ್ಕೋ. ಅವನ ಅತ್ತೆನೂ ಪಾಪ, ಹೋದ ವರ್ಷ ಗಂಡನ್ನ ಕಳ್ಕೊಂಡ್ರು. ಇಬ್ಬರೂ ಕೂತು ಮನಸ್ಸು ಹಗುರ ಮಾಡ್ಕೊಳ್ಳಿ.”

ಸಾಬೆರಾ ಏನಂದರು? “ಅದಕ್ಕೇನು ಆಪಾ,” ಎಂದರು.

ಮನೆಗೆ ಬಂದು ಚೀಲ ತುಂಬಿದರು. ವಿಮಾನದವರು ಬಿಡುವುದು ಒಂದೇ ಚೀಲ, ಎಂಟು ಕಿಲೋ. ಮೆಣಸಿನಪುಡಿ, ಸ್ವೆಟರು, ಜಾನಮಾಜು, ಮಿಠಾಯಿ. ಜಿಪ್ಪು ಬಿಗಿಯಾಗಿ ಕೂತಿತು. ಹಾಸಿಗೆಯ ಮೇಲೆ ತಮ್ಮ ಎರಡು ಜೊತೆ ಬಟ್ಟೆ, ಟವೆಲು, ಬಿಪಿ ಮಾತ್ರೆ ಹಾಗೆಯೇ ಬಿದ್ದಿದ್ದವು. ಇನ್ನೊಂದು ಸೂಟ್‌ಕೇಸಿಗೆ ದುಡ್ಡು ಕಟ್ಟೋಣ ಎಂದಳು ಮೆಹರೀನ್. ಹೋಗಿ ಬನ್ನಿ ಎಂದು ಹೇಳಲು ಬಂದಿದ್ದ ವತ್ಸಲಾ ಒಮ್ಮೆ ಹಾಸಿಗೆ ನೋಡಿದರು, ಒಮ್ಮೆ ಚೀಲ ನೋಡಿದರು.

“ಇದರಲ್ಲಿ ನೀವೆಲ್ಲಿದ್ದೀರಿ ಸಾಬೆರಾ?”

ಸಾಬೆರಾ ಹಾಸಿಗೆಯ ಮೇಲಿನ ಬಟ್ಟೆ ಮಡಚತೊಡಗಿದರು. ಮರುದಿನ ಬೆಳಿಗ್ಗೆ, ಲಾಸ್ ಏಂಜಲೀಸಿನ ಏರ್‌ಪೋರ್ಟಿಗೆ ಕಾರು ಹೊರಟಾಗ, ಮೊದಲು ವಾಲ್‌ನಟ್‌ಗೆ ನಡಿ ಎಂದರು. ಅದು ದಾರಿಯಲ್ಲ ಅಮ್ಮಿ ಎಂದಳು ಮಗಳು. ಗೊತ್ತು, ನಡಿ ಎಂದರು.

ಕಮರ್ ಬಾಗಿಲು ತೆಗೆದರು. ಸಾಬೆರಾ ಬೂದು ಚೀಲವನ್ನು ಬಾಗಿಲ ಬಳಿ ಇಳಿಸಿ, ಇನ್ನೊಂದು ಕೈಚೀಲದಲ್ಲಿ ತಂದಿದ್ದ ಪೊಟ್ಟಣಗಳನ್ನೆಲ್ಲ ಊಟದ ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಜಾನಮಾಜನ್ನು ಮಾತ್ರ ಕುರ್ಚಿಯ ಮೇಲೆ, ಮರ್ಯಾದೆಯಿಂದ.

“ಏನೇ ಇದು? ಜಾಗ ಸಾಲಲಿಲ್ವಾ?”

“ಜಾಗ ಇದೆ ಆಪಾ. ನಾನು ಹೊರಲ್ಲ.”

ಮೂವತ್ತು ವರ್ಷದಲ್ಲಿ ಆ ಬಾಯಿಂದ ಆ ಮಾತು ಬಂದಿರಲಿಲ್ಲ. ಕಮರ್ ತಮ್ಮಲ್ಲಿದ್ದ ಅತಿ ಭಾರದ ಕಲ್ಲನ್ನೇ ಎತ್ತಿ ಹಾಕಿದರು.

“ನನ್ನ ತಮ್ಮ ಇದ್ದಿದ್ರೆ ಹೀಗೆ ಮಾಡ್ತಿದ್ದೆಯಾ?”

ಮೆಹರೀನ್ ನೆಲ ನೋಡಿದಳು. ಸಾಬೆರಾ ನೋಡಲಿಲ್ಲ.

“ಅವರಿದ್ದಾಗ ಅವರು ಹ್ಞೂ ಅಂತಿದ್ರು, ನಾನು ಹೊರ್ತಿದ್ದೆ. ಇಬ್ಬರಿಗೂ ಸಾಕಾಗಿತ್ತು ಆಪಾ. ಹೇಳೋಕೆ ಇಬ್ಬರಿಗೂ ಬರ್ತಿರಲಿಲ್ಲ. ಕಾಶಿಫ್ ಮನೇಲೂ ನಾನು ಇಳಿಯಲ್ಲ. ಅಳೋಕೆ ಹೋಗ್ತಿಲ್ಲ ನಾನು. ಊರು ನೋಡೋಕೆ ಹೋಗ್ತಿದ್ದೀನಿ.”

ದನಿ ಏರಿರಲಿಲ್ಲ. ಕೈ ಮಾತ್ರ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿತ್ತು. ಕಮರ್ ಬಾಗಿಲ ಬಳಿ ಇದ್ದ ಬೂದು ಚೀಲವನ್ನು ಒಂದು ಕೈಯಲ್ಲಿ ಎತ್ತಿ ನೋಡಿದರು. ಅರ್ಧವೂ ತುಂಬಿರಲಿಲ್ಲ. ಇಷ್ಟೇನಾ ಎಂದು ಕೇಳಿದರು. ಇಷ್ಟೇ ಎಂದರು ಸಾಬೆರಾ. ಕಮರ್ ಚೀಲ ಇಳಿಸಿ ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಕಾರು ಹೊರಟಿತು.

ಲಿಸ್ಬನ್ ಬಗ್ಗೆ ಸಾಬೆರಾ ಅವರನ್ನು ಕೇಳಿದರೆ ಅರಮನೆ, ಚರ್ಚು ಯಾವುದೂ ಸಿಗುವುದಿಲ್ಲ. ಪ್ರವಾಸಿ ಹೆಂಗಸರ ಹಾಸ್ಟೆಲಿನ ಎರಡಂತಸ್ತಿನ ಮಂಚದಲ್ಲಿ ಮೇಲಿನದು ತನಗೇ ಬಂದದ್ದು, ಏಣಿ ಹತ್ತಿದ್ದು, ಕೆಳಗಿನ ಮಂಚದ ಹುಡುಗಿ ಬದಲಿಸಿಕೊಳ್ಳೋಣವೇ ಎಂದಾಗ ಬೇಡ ಎಂದದ್ದು ಸಿಗುತ್ತದೆ. ರಾತ್ರಿ ಸಿಂಕಿನಲ್ಲಿ ಒಗೆದ ಕಮೀಜು ಬೆಳಿಗ್ಗೆಗೆ ಒಣಗದೆ, ಬೇರೆಯವರ ಹಾಗೆ ಕಿಟಕಿಯ ಹೊರಗೆ ಹಗ್ಗಕ್ಕೆ ಹಾಕಿದ್ದು. ನುಣುಪಾದ ಕಲ್ಲುಹಾಸಿನ ಮೇಲೆ ಜಾರಿ ಕೂತದ್ದು, ಮೀನು ಮಾರುವವಳು ಬಿದ್ದುಬಿದ್ದು ನಕ್ಕದ್ದು, ತಾನೂ ನಕ್ಕದ್ದು. ಅಕ್ಟೋಬರಿನ ಚಳಿಗೆ ಬೀದಿಯಲ್ಲಿ ಹುರಿದು ಕಾಗದದಲ್ಲಿ ಸುತ್ತಿ ಕೊಡುವ ಚೆಸ್ಟ್‌ನಟ್ ಕಾಯಿ ತಿಂದದ್ದು. ರುಚಿ ಗೆಣಸಿನ ಹಾಗೆ, ಗರ್ವ ಬಾದಾಮಿಯ ಹಾಗೆ.

ಮೂರನೆಯ ದಿನ ದಾರಿ ತಪ್ಪಿತು. ಇಡೀ ಊರು ಕಾಣುವ ಎತ್ತರದ ಕಟ್ಟೆಯೊಂದಕ್ಕೆ ಹತ್ತಿ ಬಂದುಬಿಟ್ಟಿದ್ದರು. ಕೆಳಗೆ ಕೆಂಪು ಹೆಂಚು, ಅದರಾಚೆ ನದಿ. ಅಲ್ಲಿ ಅಳು ಬಂತು. ಅಳುವುದಿಲ್ಲ ಎಂದು ಆಣೆ ಮಾಡಿ ಬಂದಿದ್ದರಲ್ಲ, ಆದರೂ ಬಂತು, ದೊಡ್ಡದಾಗಿ, ಗಂಟಲು ಬಿಚ್ಚಿ. ಪಕ್ಕದಲ್ಲಿ ಗಿಟಾರು ಬಾರಿಸುತ್ತಿದ್ದವನು ಬಾರಿಸುತ್ತಲೇ ಇದ್ದ. ಚೆಂಡಾಡುತ್ತಿದ್ದ ಮಕ್ಕಳು ಕೂಗುತ್ತಲೇ ಇದ್ದವು. ಒಬ್ಬ ಮುದುಕಿ ಬಂದು, ತಡೆಯುವ ಮಾತು ಒಂದೂ ಆಡದೆ, ಕಟ್ಟೆಯ ಮೇಲೆ ಜಾಗ ಮಾಡಿಕೊಂಡು ಕೂತು ತನ್ನ ಬ್ರೆಡ್ಡು ತಿಂದಳು. ಯಾರೂ ದನಿ ತಗ್ಗಿಸಲಿಲ್ಲ. ಅಷ್ಟು ಗಲಾಟೆಯ ನಡುವೆ ಸಾಬೆರಾ ಗಂಡನಿಗಾಗಿ ಮೊದಲ ಸಲ ಸಾಕಾಗುವಷ್ಟು ಅತ್ತರು. ಅತ್ತು ಮುಗಿದಾಗ ಹೊಟ್ಟೆ ಹಸಿದಿತ್ತು. ಕೋಟೆಯ ದಾರಿ ಕೇಳಿಕೊಂಡು ಇನ್ನೂ ಮೇಲಕ್ಕೆ ಹತ್ತಿದರು. ಅಲ್ಲಿಂದ ಮಗಳಿಗೆ ಫೋಟೋ ಕಳಿಸಿದರು. ಫೋಟೋದಲ್ಲಿ ಬಾಯಿ ತುಂಬ ರೊಟ್ಟಿ.

ಬರುವಾಗ ಯಾರಿಗೂ ಏನೂ ತರಲಿಲ್ಲ. ಒಂದು ಚಾಕೊಲೇಟು ಕೂಡ ಇಲ್ಲ. ನಮ್ಮ ಬಳಗದಲ್ಲಿ ಇದು ಸಣ್ಣ ಮಾತಲ್ಲ. ವಾಲ್‌ನಟ್‌ನಲ್ಲಿ ಮೂರು ವಾರ ಅದೇ ಮಾತು. ಮೆಣಸಿನಪುಡಿಯನ್ನು ಕಮರ್ ಕೊನೆಗೆ ಪಾರ್ಸೆಲ್ ಮಾಡಿದರು. ತಲುಪಿತು. ಆರತಿಯ ಮಿಠಾಯಿಯೂ ತಲುಪಿತು. ಯಾರ ಸಂಸಾರವೂ ಮುರಿಯಲಿಲ್ಲ.

ನಾಲ್ಕನೆಯ ಭಾನುವಾರ ಕಮರ್ ಅವರ ಫೋನು ಬಂತು. ಸಾಬೆರಾ ಒಲೆಯ ಮುಂದಿದ್ದರು, ಸ್ಪೀಕರಿಗೆ ಹಾಕಿದರು. ಸಲಾಂ ಕೂಡ ಸರಿಯಾಗಿ ಹೇಳದೆ ಆ ದನಿ, ತನ್ನ ಪೂರ್ತಿ ಗಾತ್ರದಲ್ಲಿ, ಅಡುಗೆಮನೆಯ ಪಾತ್ರೆಗಳನ್ನೆಲ್ಲ ನಡುಗಿಸಿತು.

“ಏನೇ ಬಜಾರಿ, ಅಲ್ಲಿ ಮೀನು ಹೇಗೆ ಮಾಡ್ತಾರೆ ಹೇಳು. ಹುಳಿ ಹಾಕ್ತಾರಾ ಇಲ್ವಾ?”

ಸಾಬೆರಾ ಒಲೆ ಆರಿಸಿ ಕುರ್ಚಿ ಎಳೆದುಕೊಂಡರು. ಇಬ್ಬರೂ ಒಂದು ಗಂಟೆ ಜಗಳವಾಡಿದರು, ಮೀನಿನ ಬಗ್ಗೆ, ಚಳಿಯ ಬಗ್ಗೆ, ಮುಜ್ತಬಾ ಅವರ ಹಟದ ಬಗ್ಗೆ. ನಡುವೆ ಎರಡು ಸಲ ಜೋರಾಗಿ ನಕ್ಕರು.

ಇಂಥ ಹೆಂಗಸರು ಪ್ರತಿ ಮನೆಯಲ್ಲೂ ಇದ್ದಾರೆ. ಅವರನ್ನು ನಾವು ಒಳ್ಳೆಯವರು ಎನ್ನುತ್ತೇವೆ, ಎನ್ನುವಷ್ಟರಲ್ಲೇ ಅವರ ಕೈಗೆ ಇನ್ನೇನನ್ನೋ ಇಟ್ಟಿರುತ್ತೇವೆ. ಅವರು ಬೇಡ ಎಂದ ದಿನ ಕಲ್ಲುಮನಸ್ಸು ಎನ್ನುತ್ತೇವೆ. ಅದು ಕಲ್ಲಲ್ಲ, ಲೆಕ್ಕ. ಹೋದವರ ದುಃಖ ಒಂದಿದೆ, ಅದನ್ನು ಯಾರ ಮೇಜಿನ ಮೇಲೂ ಇಟ್ಟು ಬರಲಾಗುವುದಿಲ್ಲ, ಪೋಸ್ಟಿಗೂ ಹಾಕಲಾಗುವುದಿಲ್ಲ. ಅದನ್ನು ಹೊತ್ತೇ ಏರಬೇಕು. ಹಾಗೆ ಏರಲು ಹೊರಟವರು ಮಿಕ್ಕಿದ್ದನ್ನು ಇಳಿಸುತ್ತಾರೆ. ಇಳಿಸಿ, ತಿರುಗಿ ನೋಡದೆ ಹತ್ತುತ್ತಾರೆ.